ಸಂಡೂರಿನ ಔಷಧಿ ಗಿಡಗಳು ನಕ್ಷೆಗೆ ಬಂದ ಬಗೆ

ಹಳೆಯ ಸಸ್ಯಪಟ್ಟಿಗಳಲ್ಲಿ ಗಿಡ ಸಿಕ್ಕ ಜಾಗಕ್ಕೆ ‘ಸಂಡೂರು ಬೆಟ್ಟ’ ಎಂದಷ್ಟೇ ಬರೆದಿದ್ದರೆ ಇಂದು ಹುಡುಕುವವರು ಎಲ್ಲಿಗೆ ಹೋಗಬೇಕು? ದೋಣಿಮಲೈಗೋ ಸ್ವಾಮಿಮಲೈಗೋ, ತಪ್ಪಲಿಗೋ ನೆತ್ತಿಗೋ? ಬಳ್ಳಾರಿಗೆ ಅಷ್ಟಾದರೂ ದಾಖಲೆ ಉಂಟು. ಅದು 1953ರವರೆಗೆ ಮದ್ರಾಸಿಗೆ ಸೇರಿತ್ತು. ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು, ಕೊಪ್ಪಳ ಮದ್ರಾಸ್ ಪ್ರಾಂತ್ಯದ ಪಟ್ಟಿಗಳಿಂದ ಹೊರಗೇ ಉಳಿದವು.

1993ರಲ್ಲಿ ಶುರುವಾದ ಔಷಧಿ ಸಸ್ಯ ಸಂರಕ್ಷಣಾ ಪ್ರದೇಶಗಳ ಯೋಜನೆಯಲ್ಲಿ ಸಂಡೂರಿಗೂ ಜಾಗ ಸಿಕ್ಕಿತು. ಆದರೆ ಆಗಿನ ಜಿಪಿಎಸ್ ಸಂಕೇತವನ್ನು ಅಮೆರಿಕ ಬೇಕೆಂದೇ ಕೆಡಿಸುತ್ತಿದ್ದುದರಿಂದ ನೂರು ಮೀಟರಿನಷ್ಟು ತಪ್ಪು ಬರುತ್ತಿತ್ತು. ಕಡಿದಾದ ಕೊಳ್ಳದಲ್ಲಿ ಅಷ್ಟು ತಪ್ಪಿದರೆ ಹಳ್ಳದ ದಂಡೆಯ ಗಿಡ ನಕ್ಷೆಯಲ್ಲಿ ಬಂಡೆಯ ಮೇಲೆ ಕೂರುತ್ತದೆ. 2000ದ ಮೇ ತಿಂಗಳಲ್ಲಿ ಸಂಕೇತ ಕೆಡಿಸುವುದು ನಿಂತಿತು. ಅಷ್ಟರ ಬೆನ್ನಿಗೇ ಅದಿರಿನ ಭರಾಟೆ ಬಂದು ಗುಡ್ಡಗಳ ಆಕಾರವೇ ಬದಲಾಯಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಗಣಿಗಡಿಯನ್ನು ಅಳೆದಷ್ಟು ನಿಷ್ಠೆಯಿಂದ ಗಿಡದ ನೆಲೆಯನ್ನೂ ಅಳೆಯಬೇಕಿತ್ತು.

ಈಗ ಮೊಬೈಲೇ ಸಾಕು, ತಪ್ಪುಗಳು ಮಾತ್ರ ಬೇರೆ. ಗಿಡದ ಪಕ್ಕ ನಿಂತು, ನಿಖರತೆ 5 ಮೀಟರಿಗೆ ಇಳಿಯುವವರೆಗೆ ಕಾಯಿರಿ. ಬಂಡೆಯ ಮರೆಯಲ್ಲಿ ಅದು ಇಳಿಯದು. ಅಕ್ಷಾಂಶದ 15 ಡಿಗ್ರಿ 5 ನಿಮಿಷ 30 ಸೆಕೆಂಡನ್ನು 15.0530 ಎಂದು ಬರೆಯುವವರು ಬಹಳ. ಸರಿಯಾದದ್ದು 15.0917; ಚುಕ್ಕೆ ನಾಲ್ಕು ಕಿಲೋಮೀಟರಿಗೂ ದೂರ ಬೀಳುತ್ತದೆ. ಸಂಡೂರಿನ ಹಳೆಯ 57ಎ/12 ಟೋಪೋಶೀಟ್ (ಸರ್ವೆ ಇಲಾಖೆಯ ಭೂನಕ್ಷೆ) ಭೂಮಿಯ ಆಕಾರಕ್ಕೆ ಹಿಡಿದದ್ದು ಎವರೆಸ್ಟ್ ಎಂಬ ಹಳೆಯ ಮಾನ, ಮೊಬೈಲ್ ಹಿಡಿಯುವುದು ಜಿಪಿಎಸ್‌ನ ಡಬ್ಲ್ಯುಜಿಎಸ್ 84 ಮಾನ. ಪರಿವರ್ತಿಸದೆ ಒಂದರ ಮೇಲೊಂದಿಟ್ಟರೆ ನೂರು ಮೀಟರಿಗೂ ಹೆಚ್ಚು ಸರಿಯುತ್ತದೆ. ನೆಲೆಯನ್ನು ಮೀಟರಿನಲ್ಲಿ ಹೇಳುವ ಯುಟಿಎಂ ಪದ್ಧತಿಯಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳಿಗೆ ವಲಯ 43 ಉತ್ತರ.

ಹೆಸರಿನ ಗೊಂದಲ ಇನ್ನೂ ಕೆಟ್ಟದ್ದು. ಶಂಖಪುಷ್ಪಿ ಎಂದು ಒಬ್ಬರು ವಿಷ್ಣುಕ್ರಾಂತಿಯನ್ನು ತೋರಿಸಿದರೆ ಇನ್ನೊಬ್ಬರು ನೀಲಿ ಹೂವಿನ ಗಿರಿಕರ್ಣಿಕೆ ಬಳ್ಳಿಯನ್ನು ತೋರಿಸುತ್ತಾರೆ. ಊರಿನ ಹೆಸರು, ಸಸ್ಯಶಾಸ್ತ್ರದ ಹೆಸರು, ಎಲೆ–ಹೂವಿನ ಚಿತ್ರ ಮೂರೂ ಒಟ್ಟಿಗಿರಲಿ. ಅಗ್ನಿಶಿಖೆಯ ಗಡ್ಡೆ ಬೇಸಿಗೆಯಲ್ಲಿ ನೆಲದೊಳಗೆ ಮಲಗಿರುತ್ತದೆ. ಮಾರ್ಚಿನಲ್ಲಿ ಹೋದವರ ನಕ್ಷೆಯಲ್ಲಿ ಅದು ಬರುವುದೇ ಇಲ್ಲ. ಮುಂಗಾರು ಹಿಡಿದ ಮೇಲೆ ಮತ್ತೊಮ್ಮೆ ನಡೆಯಬೇಕು.

ಚುಕ್ಕೆಗಳು ರಸ್ತೆಯ ಗುಂಟವೇ ಸಾಲುಗಟ್ಟಿದ್ದರೆ ಅದು ಗಿಡದ ನಕ್ಷೆಯಲ್ಲ, ನಡೆದವರ ನಕ್ಷೆ. ಅದಕ್ಕೇ ನಡೆದ ಜಾಡನ್ನೂ ಉಳಿಸಿಡಿ: ಹುಡುಕಿಯೂ ಸಿಗದ ಜಾಗ ಬೇರೆ, ಹೋಗದ ಜಾಗ ಬೇರೆ.

2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿಯ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿ ಇಡುತ್ತವೆ. ಗಿಡದ ನೆಲೆಯ ಪೂರ್ತಿ ಅಂಕಿ ಅಲ್ಲಿರಲಿ. ಬೇರಿಗಾಗಿ ಬುಡಸಮೇತ ಕೀಳುವ ಮಾಗಳಿಯಂಥವನ್ನು ಎಲ್ಲರೂ ನೋಡುವ ನಕ್ಷೆಗೆ ಹಾಕುವಾಗ ದಶಮಾಂಶದ ಎರಡೇ ಅಂಕಿ ಇಡಿ. ಆಗ ಸುಮಾರು ಒಂದು ಕಿಲೋಮೀಟರ್ ಚೌಕವಷ್ಟೇ ಕಾಣುತ್ತದೆ, ಗಿಡದ ಬುಡ ಕಾಣುವುದಿಲ್ಲ.