ಯೆಜ್ಡಿ: ಹೆಸರು ಹಲವು, ಎಂಜಿನ್ ಒಂದೇ

ಎರಡು ಸೈಲೆನ್ಸರ್ ಇರುವ ಹಳೇ ಯೆಜ್ಡಿ ಬೈಕ್ ರಸ್ತೆ ಬದಿ ನಿಂತಿದ್ದರೆ ಯಾರಾದರೊಬ್ಬ ಹುಡುಗ ಬಂದು ಕೇಳಿಯೇ ಕೇಳುತ್ತಾನೆ: 'ಡಬಲ್ ಸಿಲಿಂಡರಾ ಅಂಕಲ್?' ಅಲ್ಲ. ಸಿಲಿಂಡರ್ ಒಂದೇ, ಪಿಸ್ಟನ್ನೂ ಒಂದೇ. ಹೊಗೆ ಹೊರಗೆ ಹೋಗುವ ಬಾಯಿ ಮಾತ್ರ ಎರಡು, ಅದಕ್ಕೇ ಎರಡು ಕೊಳವೆ.

1980ರ ದಶಕದ ಯೆಜ್ಡಿ ಮಾಡೆಲ್‌ಗಳ ಕಥೆಯೂ ಹೆಚ್ಚುಕಮ್ಮಿ ಹೀಗೇ. ರೋಡ್‌ಕಿಂಗ್, ಕ್ಲಾಸಿಕ್, ಸಿಎಲ್ 2, ಡೀಲಕ್ಸ್, ಮೊನಾರ್ಕ್. ಜೊತೆಗೊಂದು 175, ಮೇಲೊಂದು 350. ಕೇಳಿದರೆ ದೊಡ್ಡ ಸಂಸಾರ ಅನ್ನಿಸುತ್ತದೆ. ಆದರೆ 250 ಸಿಸಿಯ ಆ ಐದು ಹೆಸರುಗಳ ಟ್ಯಾಂಕು, ಸೀಟು, ಹ್ಯಾಂಡಲ್ ಬಿಚ್ಚಿ ಪಕ್ಕಕ್ಕಿಟ್ಟರೆ ಒಳಗೆ ಸಿಗುವುದು ಒಂದೇ ಮನೆತನದ ಎಂಜಿನ್. ಅಳತೆ: ಸಿಲಿಂಡರಿನ ಅಗಲ 65 ಮಿಲಿಮೀಟರ್, ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ 75 ಮಿಲಿಮೀಟರ್. ಈ ಅಳತೆ ಮೈಸೂರಿಗೆ ಬಂದಿದ್ದು 1960ರ ದಶಕದ ಶುರುವಿನಲ್ಲಿ.

ಬಂದಿದ್ದು ಪ್ರಾಗ್‌ನಿಂದ. ಅಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿನ್ಯಾಸ ಕೊಂಡು ಕೆಲಸ ಶುರು ಮಾಡಿದ. ಅವನ ಹೆಸರಿನ (Janeček) ಮೊದಲ ಎರಡು ಅಕ್ಷರ, ವಾಂಡರರ್‌ನ (Wanderer) ಮೊದಲ ಎರಡು ಅಕ್ಷರ ಸೇರಿ ಜಾವಾ (Jawa) ಆಯಿತು. ಇಂಡೋನೇಷ್ಯಾದ ದ್ವೀಪಕ್ಕೂ ಇದಕ್ಕೂ ಸಂಬಂಧ ಇಲ್ಲ. ಇಲ್ಲಿ ಅದನ್ನು ತರಿಸಿ ಮಾರುತ್ತಿದ್ದವರು ಮುಂಬೈನ ರುಸ್ತುಂ ಇರಾನಿ. ಹೊರದೇಶದ ಬೈಕ್ ತರಿಸುವುದಕ್ಕೆ ಸರ್ಕಾರ ತಡೆ ಹಾಕಿದಾಗ, ಇಲ್ಲೇ ಮಾಡೋಣ ಅಂತ ಅವರು ಫಾರೂಕ್ ಇರಾನಿ ಜೊತೆ ಸೇರಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಜಾಗ ಮೈಸೂರಿನ ಯಾದವಗಿರಿ. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರೇ ಫ್ಯಾಕ್ಟರಿ ಉದ್ಘಾಟನೆ ಮಾಡಿದರು. 1961ರಿಂದ ಬಂಡಿಗಳು ಹೊರಬರತೊಡಗಿದವು.

1973ರ ಹೊತ್ತಿಗೆ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಚೆಕ್ ಭಾಷೆಯಲ್ಲಿ 'ಯೆಜ್ಡಿ' ಅಂದರೆ ಸವಾರಿ ಮಾಡುತ್ತದೆ, ಓಡುತ್ತದೆ ಎಂಬರ್ಥ. ಇರಾನಿಗಳ ಹಿರಿಯರ ಊರಾದ ಯಜ್ದ್‌ನಿಂದ ಬಂದ ಹೆಸರು ಅನ್ನುವವರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆಯೇ. ಮೈಸೂರಿನವರಿಗಂತೂ ಹೆಸರು ಯಾವುದಾದರೂ ಅದು ಜಾವಾ ಫ್ಯಾಕ್ಟರಿಯೇ. ಇವತ್ತಿಗೂ ಹಳಬರು ಹಾಗೇ ಅನ್ನುತ್ತಾರೆ.

ಈ ಬಂಡಿಯ ಸೊಗಸು ಗೊತ್ತಾಗಬೇಕಾದರೆ ಎಡಗಾಲಿನ ಹತ್ತಿರ ಬಗ್ಗಿ ನೋಡಬೇಕು. ಅಲ್ಲಿರುವುದು ಒಂದೇ ಲಿವರ್. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಒದ್ದು ಸ್ಟಾರ್ಟ್ ಮಾಡಿ ಮತ್ತೆ ಮುಂದಕ್ಕೆ ಇಳಿಸಿದರೆ ಅದೇ ಗೇರ್. ಗೇರ್ ಒತ್ತಿದಾಗ ಕ್ಲಚ್ ತಾನೇ ಬಿಡುತ್ತದೆ, ಕೈ ಹಿಡಿಯಲೇಬೇಕು ಅಂತಿಲ್ಲ. ಹೊಸಬರಿಗೆ ಕಿಕ್ಕರ್ ಎಲ್ಲಿ ಅಂತಲೇ ಗೊತ್ತಾಗುತ್ತಿರಲಿಲ್ಲ. ಬುಲೆಟ್ ಓಡಿಸಿ ಬಂದವರ ಪಾಡು ಬೇರೆ. ಆಗಿನ ಬುಲೆಟ್‌ಗೆ ಗೇರ್ ಬಲಕ್ಕೆ, ಬ್ರೇಕ್ ಎಡಕ್ಕೆ. ಅವರು ಯೆಜ್ಡಿ ಹತ್ತಿ ಬ್ರೇಕ್ ಅಂತ ಎಡಗಾಲು ಒತ್ತಿದರೆ ಗೇರ್ ಬೀಳುತ್ತಿತ್ತು!

ಚಾಕರಿಯೂ ಕಡಿಮೆ ಇರಲಿಲ್ಲ. ಟೂ ಸ್ಟ್ರೋಕ್ ಆದ್ದರಿಂದ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಬೇಕು. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಜಾಸ್ತಿಯಾದರೆ ಹಿಂದಿನವನಿಗೆ ಬರೀ ಹೊಗೆ. ನಡುವೆ ಆಯಿಲ್ ಕಿಂಗ್ ಅಂತ ಒಂದು ಮಾಡೆಲ್ ಬಂತು. ಅದರಲ್ಲಿ ಆಯಿಲ್‌ಗೆ ಬೇರೆ ಪಂಪು. ಜನ ಅದನ್ನು ನಂಬಲಿಲ್ಲ, ಪಂಪ್ ಕಿತ್ತು ಮತ್ತೆ ಕೈಯಲ್ಲೇ ಬೆರೆಸಿದವರೇ ಜಾಸ್ತಿ. ಇನ್ನು ಸೈಲೆನ್ಸರ್. ಆಯಿಲ್ ಉರಿದು ಒಳಗೆ ಮಸಿ ಕಟ್ಟುತ್ತದೆ, ಬಂಡಿ ಉಸಿರು ಕಟ್ಟಿದ ಹಾಗೆ ಎಳೆಯುತ್ತದೆ. ಆಗ ಎರಡೂ ಸೈಲೆನ್ಸರ್ ಬಿಚ್ಚಿ, ಒಳಗಿನದನ್ನು ಬೆಂಕಿಗಿಟ್ಟು ಸುಟ್ಟು, ತಟ್ಟಿ ಮಸಿ ಉದುರಿಸಬೇಕು. ಮತ್ತೆ ಹಾಕಿ ಒಂದು ಕಿಕ್ ಕೊಟ್ಟಾಗ ಬರುತ್ತಿದ್ದ ಆ ಟಣ್ ಟಣ್ ಸದ್ದಿಗೆ ಬೀದಿ ತಿರುವಿನಲ್ಲೇ ಯಾರ ಬಂಡಿ ಅಂತ ಗೊತ್ತಾಗುತ್ತಿತ್ತು.

1978ರಲ್ಲಿ ಬಂದ ರೋಡ್‌ಕಿಂಗ್ ಈ ಮನೆಯ ಹಿರಿಮಗ. ಶಕ್ತಿ 16 ಹಾರ್ಸ್‌ಪವರ್. ಆಗಿನ ಕಾಲಕ್ಕೆ ಅದು ಸುಮ್ನೆ ಮಾತಲ್ಲ. ಎದುರಿಗಿದ್ದದ್ದು ಒಂದು ಕಡೆ ಬುಲೆಟ್, ಇನ್ನೊಂದು ಕಡೆ ಹಳ್ಳಿ ರಸ್ತೆಯ ರಾಜ್‌ದೂತ್. ಕ್ಲಾಸಿಕ್, ಡೀಲಕ್ಸ್ ಇತ್ಯಾದಿಗಳು ಇದೇ ಮನೆಯ ಬೇರೆ ಬೇರೆ ಉಡುಪು: ಒಂದಕ್ಕೆ ಉರುಟು ಟ್ಯಾಂಕು, ಇನ್ನೊಂದಕ್ಕೆ ಬೇರೆ ಸೀಟು, ಮತ್ತೊಂದಕ್ಕೆ ಬೇರೆ ಬಣ್ಣ. ದುಡ್ಡು ಕಟ್ಟಿ ಬುಕ್ ಮಾಡಿ ಬಂಡಿಗಾಗಿ ಕಾಯುತ್ತಿದ್ದ ಕಾಲದಲ್ಲಿ ಇಷ್ಟು ಸಾಕಿತ್ತು. ಮಾಡಿದ್ದೆಲ್ಲ ಮಾರಾಟ ಆಗುವಾಗ ಎಂಜಿನ್ ಬದಲಾಯಿಸುವ ತಲೆನೋವು ಯಾರಿಗೆ ಬೇಕು, ಅಲ್ವಾ?

ಆಟ ಬದಲಾಗಿದ್ದು 1984ರಿಂದ. ಜಪಾನಿನವರ ಜೊತೆ ಸೇರಿ 100 ಸಿಸಿ ಬೈಕ್ ಮಾಡಲು ದಿಲ್ಲಿ ಬಾಗಿಲು ತೆರೆದಿತ್ತು. ಮೊದಲು ಬಂದದ್ದು ಹೊಸೂರಿನ ಇಂಡ್ ಸುಜುಕಿ. ಮೈಸೂರಿನಿಂದ ನಾಲ್ಕೈದು ತಾಸಿನ ದಾರಿ ಅಷ್ಟೇ. 1985ರಲ್ಲಿ ಹೀರೋ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100. ಅದರ ಬೆನ್ನಿಗೇ ಕವಾಸಕಿ ಬಜಾಜ್. ಎಸ್ಕಾರ್ಟ್ಸ್, ಬಜಾಜ್, ಟಿವಿಎಸ್, ಹೀರೋ ಎಲ್ಲರೂ ಒಬ್ಬೊಬ್ಬ ಜಪಾನಿ ಕೈ ಹಿಡಿದರು. ಐಡಿಯಲ್ ಜಾವಾ ಯಾರ ಕೈಯನ್ನೂ ಹಿಡಿಯಲಿಲ್ಲ. ನನ್ನ ಲೆಕ್ಕದಲ್ಲಿ ಕಂಪನಿಯ ಹಣೆಬರಹ ಬರೆದದ್ದು ಅಲ್ಲೇ. ಕಾರ್ಮಿಕರ ಗಲಾಟೆ, ಹೊಗೆಯ ಕಾನೂನು ಎಲ್ಲ ಆಮೇಲಿನ ಮಾತು.

ಅಂಕಿ ನೋಡಿ. ಆರ್‌ಎಕ್ಸ್ 100ರದ್ದು 98 ಸಿಸಿ. ಅದರಿಂದ 11 ಹಾರ್ಸ್‌ಪವರ್. ಅದೂ ಯೆಜ್ಡಿಯ ಹಾಗೆ ಟೂ ಸ್ಟ್ರೋಕೇ. ಯೆಜ್ಡಿಗೆ 250 ಸಿಸಿ ಇದ್ದೂ 16, ಮೆತ್ತಗಿನ ಕ್ಲಾಸಿಕ್‌ಗೆ ಅದಕ್ಕಿಂತ ಕಡಿಮೆ. ರೋಡ್‌ಕಿಂಗ್ ತೂಕ ಸುಮಾರು 140 ಕಿಲೋ, ಆರ್‌ಎಕ್ಸ್‌ನದು 100 ಕಿಲೋ ಆಸುಪಾಸು. ಸಿಗ್ನಲ್ಲಿನಲ್ಲಿ ಏನಾಗುತ್ತಿತ್ತು ಅಂತ ಹೇಳಬೇಕಾಗಿಲ್ಲ. ಇನ್ನು ಸಿಡಿ 100 ಫೋರ್ ಸ್ಟ್ರೋಕ್, ಪೆಟ್ರೋಲಿಗೆ ಆಯಿಲ್ ಬೆರೆಸುವ ಕೆಲಸವೇ ಇಲ್ಲ. ಪೆಟ್ರೋಲ್ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಅನ್ನುವುದೇ ಅದರ ಜಾಹೀರಾತು. ಲೀಟರಿಗೆ 80 ಕಿಲೋಮೀಟರ್ ಅಂತ ಹೇಳಿಕೊಂಡರು. ಆಯಿಲ್ ಬೆರೆಸುವ, ಮಸಿ ಉದುರಿಸುವ, ತಿರುವಿ ಒದೆಯುವ ಯೆಜ್ಡಿ ಸವಾರನಿಗೆ 'ಮರೆತುಬಿಡಿ' ಎಂಬ ಮಾತೇ ಹೊಸದು. ಬ್ಯಾಂಕಿಗೆ, ಶಾಲೆಗೆ, ಆಫೀಸಿಗೆ ಹೋಗಿಬರುವ ಮನುಷ್ಯ ಆ ಕಡೆ ವಾಲಿದ. ಯಾರೂ ತಪ್ಪು ಅನ್ನುವ ಹಾಗಿಲ್ಲ.

ಮೈಸೂರಿನವರು ಕೊಟ್ಟ ಉತ್ತರ ಮೇಲಿನ ದಿಕ್ಕಿನಲ್ಲಿ: ಯೆಜ್ಡಿ 350. ಇದು ನಿಜವಾಗಿಯೂ ಡಬಲ್ ಸಿಲಿಂಡರ್, ಚೆಕ್ ಜಾವಾ 350ರ ಮೂಲದ್ದು. ದಶಕದ ನಡುವಿನಲ್ಲಿ ಬಂತು. ಆಗಲೇ ಯಮಹಾ ಆರ್‌ಡಿ 350ರ ರೂಪ ರಾಜ್‌ದೂತ್ ಹೆಸರಿನಲ್ಲಿ ಫರೀದಾಬಾದಿನಿಂದ ಬಂದಿತ್ತು. ಆ ರಾಜ್‌ದೂತ್ ಸಿಡುಕು ಸ್ವಭಾವದ್ದು, ಯೆಜ್ಡಿ 350 ಸಾವಧಾನದ್ದು, ದೂರದ ದಾರಿಗೆ ಒಳ್ಳೆಯದು. ಆದರೆ ಎರಡಕ್ಕೂ ಪೆಟ್ರೋಲ್ ಬಾಯಾರಿಕೆ ಒಂದೇ. ಊರೆಲ್ಲ ಮೈಲೇಜ್ ಲೆಕ್ಕ ಹಾಕುತ್ತಿದ್ದಾಗ ಇನ್ನೂ ದೊಡ್ಡ ಟೂ ಸ್ಟ್ರೋಕ್ ತಂದು ನಿಲ್ಲಿಸಿದರೆ ಕೊಳ್ಳುವವರೆಷ್ಟು? ಎರಡೂ ಬಂಡಿಗಳ ಆಯಸ್ಸು ಆ ದಶಕದ ಜೊತೆಗೇ ಹೆಚ್ಚುಕಮ್ಮಿ ಮುಗಿಯಿತು.

ಉಳಿದದ್ದು ಅದೇ 250. ಅದಕ್ಕೆ ಕೊನೆಯ ಪೆಟ್ಟು ಹೊಗೆಯ ಕಾನೂನಿನದು. ಟೂ ಸ್ಟ್ರೋಕಿನ ಹುಟ್ಟುಗುಣ ಏನೆಂದರೆ, ಸುಟ್ಟ ಹೊಗೆ ಹೊರಗೆ ಹೋಗುವಾಗಲೇ ಹೊಸ ಪೆಟ್ರೋಲ್ ಒಳಗೆ ಬರುತ್ತಿರುತ್ತದೆ. ಸ್ವಲ್ಪ ಪೆಟ್ರೋಲ್ ಉರಿಯದೇ ಹಾಗೇ ಸೈಲೆನ್ಸರ್ ಹಾದು ಹೋಗುತ್ತದೆ. ಜೊತೆಗೆ ಆಯಿಲ್ ಬೇರೆ. 1991ರ ಮೊದಲ ನಿಯಮ ಸಡಿಲವಾಗಿತ್ತು: ಕಿಲೋಮೀಟರಿಗೆ 12ರಿಂದ 30 ಗ್ರಾಂವರೆಗೆ ಕಾರ್ಬನ್ ಮೊನಾಕ್ಸೈಡ್ ಬಿಡಬಹುದಿತ್ತು. 1996ರಲ್ಲಿ ಅದು ಒಂದೇಟಿಗೆ 4.5 ಗ್ರಾಂಗೆ ಇಳಿಯಿತು. 1950ರ ದಶಕದ ಬೇರಿರುವ ಎಂಜಿನ್ನನ್ನು ಅಲ್ಲಿಗೆ ಮುಟ್ಟಿಸಬೇಕಾದರೆ ದುಡ್ಡು ಬೇಕು, ಹೊಸ ವಿನ್ಯಾಸ ಬೇಕು. ಅಷ್ಟರಲ್ಲಾಗಲೇ ಮುಷ್ಕರ, ನಷ್ಟ ಅಂತ ಫ್ಯಾಕ್ಟರಿ ಸೋತಿತ್ತು. ಅದೇ ವರ್ಷ ರೋಡ್‌ಕಿಂಗ್ ಉತ್ಪಾದನೆ ನಿಂತಿತು, ಬಾಗಿಲೂ ಮುಚ್ಚಿತು.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. 2018ರಲ್ಲಿ ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾವನ್ನು ವಾಪಸ್ ತಂದಿತು. ಅದರಲ್ಲಿ ರುಸ್ತುಂ ಇರಾನಿ ಅವರ ಮಗ ಬೋಮನ್ ಇರಾನಿ ಕೂಡ ಇದ್ದಾರೆ. 2022ರ ಜನವರಿಯಲ್ಲಿ ಯೆಜ್ಡಿ ಹೆಸರೂ ಬಂತು, ಮೂರು ಮಾಡೆಲ್‌ಗಳಲ್ಲಿ. ಎಲ್ಲವೂ ಫೋರ್ ಸ್ಟ್ರೋಕ್, ನೀರಿನಿಂದ ತಣ್ಣಗಾಗುವ ಎಂಜಿನ್. ಹೆಸರು ಯಾರದ್ದು ಎಂಬ ಜಗಳ ಕರ್ನಾಟಕ ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿತು.

ಹಳೆಯ ಬಂಡಿಗಳು ಮಾತ್ರ ಇನ್ನೂ ಓಡುತ್ತಿವೆ. ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ ಅಂತ ಬೆಂಗಳೂರು, ಮೈಸೂರಿನಲ್ಲಿ ಸಾಲುಗಟ್ಟಿ ಬರುತ್ತವೆ, ನೀಲಿ ಹೊಗೆ ಸಮೇತ. ಫ್ಯಾಕ್ಟರಿ ಮುಚ್ಚಿ ಇಷ್ಟು ವರ್ಷವಾದರೂ ಹೇಗೆ ಓಡುತ್ತವೆ ಅಂದರೆ, ಅದೇ ಹಳೇ ಗುಟ್ಟು: ಒಳಗಿನದು ಬದಲಾಗಲೇ ಇಲ್ಲವಲ್ಲ! ಒಂದು ಮಾಡೆಲಿನ ಎಷ್ಟೋ ಪಾರ್ಟು ಇನ್ನೊಂದಕ್ಕೆ ಕೂರುತ್ತದೆ. 'ರೋಡ್‌ಕಿಂಗ್‌ದು ಸಿಗ್ಲಿಲ್ಲ ಅಂದ್ರೆ ಕ್ಲಾಸಿಕ್‌ದು ತನ್ನಿ, ಒಂಚೂರು ಉಜ್ಜಿ ಕೂರಿಸ್ತೀನಿ' ಅನ್ನುವ ಮೆಕ್ಯಾನಿಕ್ ಪ್ರತಿ ಊರಿನಲ್ಲೂ ಒಬ್ಬನಾದರೂ ಇದ್ದಾನೆ. 350 ಇಟ್ಟುಕೊಂಡವರಿಗೆ ಈ ಭಾಗ್ಯ ಇಲ್ಲ. ಅವರು ಪಾರ್ಟ್ ಬೇಕೆಂದರೆ ಇವತ್ತಿಗೂ ಚೆಕ್ ದೇಶದ ಕಡೆ ಮುಖ ಮಾಡುತ್ತಾರೆ.