ಕರ್ನಲ್ ಅಪ್‌ಡೇಟ್ ಆದ ಮೇಲೆ ಎಸ್‌ಟ್ರೇಸ್ ಏಕೆ ಸುಮ್ಮನಾಯಿತು?

ಪ್ರಶ್ನೆ: ಲಿನಕ್ಸ್ ಕರ್ನಲ್ ಅಪ್‌ಡೇಟ್ ಆದಂದಿನಿಂದ ನನ್ನ ಹಳೆಯ ಎಸ್‌ಟ್ರೇಸ್ (ಪ್ರೋಗ್ರಾಮ್‌ಗಳು ಕರ್ನಲ್‌ಗೆ ಸಲ್ಲಿಸುವ ಕೋರಿಕೆಗಳನ್ನು, ಅಂದರೆ ಸಿಸ್ಟಮ್ ಕಾಲ್‌ಗಳನ್ನು, ತೋರಿಸುವ ಸಾಧನ) ಸ್ಕ್ರಿಪ್ಟ್ ಫೈಲ್ ತೆರೆಯುವ ಕರೆಗಳನ್ನೇ ತೋರಿಸುತ್ತಿಲ್ಲ. ಸಿಸ್ಟಮ್ ಕಾಲ್ ಸಂಖ್ಯೆಗಳು ಬದಲಾಗಿರಬೇಕು. ಎಸ್‌ಟ್ರೇಸನ್ನು ಮತ್ತೆ ಕಂಪೈಲ್ ಮಾಡಬೇಕೇ?

ಉತ್ತರ: ಬೇಡ. ಸ್ಕ್ರಿಪ್ಟ್‌ನಲ್ಲಿ ‘ಓಪನ್’ ಒಂದನ್ನೇ ಸೋಸುತ್ತಿರುತ್ತೀರಿ. ಜೊತೆಗೆ ಫೈಲ್ ತೆರೆಯುವ ಇನ್ನೊಂದು ಕರೆ ‘ಓಪನ್‌ಆ್ಯಟ್’ ಸೇರಿಸಿ. ಇಲ್ಲವೇ ಫೈಲ್ ಹೆಸರು ಪಡೆಯುವ ಕರೆಗಳನ್ನೆಲ್ಲ ಹಿಡಿಯುವ ‘%ಫೈಲ್’ ಗುಂಪನ್ನು ಕೊಡಿ. ಅಷ್ಟೇ.

ಆದರೆ ಸಂಖ್ಯೆ ಬದಲಾಗುತ್ತದೆಂಬ ಮಾತನ್ನು ಹಾಗೆಯೇ ಬಿಡಲಾರೆ. ಎಷ್ಟು ಸಲ ಅಲ್ಲಗಳೆದರೂ ಅದು ಮತ್ತೆ ತಲೆಯೆತ್ತುತ್ತದೆ. ಇಂಟೆಲ್, ಎಎಮ್‌ಡಿಗಳ 64 ಬಿಟ್ ಪ್ರೊಸೆಸರ್ ಬಗೆಯಾದ ಎಕ್ಸ್86-64ರಲ್ಲಿ ರೀಡ್ 0, ರೈಟ್ 1, ಓಪನ್ 2. ಮೊದಲೂ ಹಾಗೇ ಇತ್ತು, ಈಗಲೂ ಹಾಗೇ ಇದೆ. ಕಂಪೈಲ್ ಆದ ಪ್ರೋಗ್ರಾಮ್‌ಗಳ ಒಡಲಲ್ಲೇ ಈ ಅಂಕಿಗಳು ಕುಳಿತಿರುತ್ತವೆ. 0 ಮತ್ತು 1 ಅದಲುಬದಲಾದರೆ ನಿನ್ನೆಯವರೆಗೆ ಫೈಲ್ ಓದುತ್ತಿದ್ದ ಪ್ರೋಗ್ರಾಮ್ ಇಂದು ಅದರ ಮೇಲೆ ಬರೆಯಲು ಹೊರಡುತ್ತದೆ! ಬಳಕೆದಾರರ ಪ್ರೋಗ್ರಾಮ್‌ಗಳನ್ನು ಮುರಿಯಬಾರದೆಂದು ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಪಟ್ಟು ಹಿಡಿದಿರುವುದು ಸುಮ್ಮನೆ ಅಲ್ಲ. 156ನೆಯ ಜಾಗದಲ್ಲಿದ್ದ ‘ಸಿಸ್‌ಸಿಟಿಎಲ್’ ಕರೆಯನ್ನು ಕಿತ್ತುಹಾಕಿದ ಮೇಲೂ ಆ ಸಂಖ್ಯೆಯನ್ನು ಬೇರಾವ ಕರೆಗೂ ಕೊಟ್ಟಿಲ್ಲ. ಹೊಸ ಕರೆಗೆ ಹೊಸ ಸಂಖ್ಯೆಯೇ ಸಿಗಬೇಕು.

ಸಂಖ್ಯೆ ಬೇರೆಯಾಗುವುದು ಪ್ರೊಸೆಸರ್ ಬಗೆ ಬದಲಾದಾಗ. ಓಪನ್‌ಆ್ಯಟ್ ಎಕ್ಸ್86-64ರಲ್ಲಿ 257, 64 ಬಿಟ್ ಆರ್ಮ್‌ನಲ್ಲಿ 56. ಆರ್ಮ್‌ನ ಆ ಪಟ್ಟಿಯಲ್ಲಿ ಓಪನ್ ಎಂಬುದೇ ಇಲ್ಲ. ಆದರೆ ವಿಂಡೋಸ್‌ನಲ್ಲಿ ಆವೃತ್ತಿಯಿಂದ ಆವೃತ್ತಿಗೆ ಸಂಖ್ಯೆಗಳು ನಿಜಕ್ಕೂ ಬದಲಾಗುತ್ತವೆ. ಅಲ್ಲಿನ ಮಾತನ್ನು ತಂದು ಲಿನಕ್ಸ್‌ಗೆ ಅಂಟಿಸಬೇಡಿ.

ಹಾಗಾದರೆ ಬದಲಾದದ್ದು ಯಾರು? ಜಿಲಿಬ್‌ಸಿ, ಅಂದರೆ ಪ್ರೋಗ್ರಾಮ್‌ಗಳ ಪರವಾಗಿ ಕರ್ನಲನ್ನು ಕರೆಯುವ ಸಿ ಲೈಬ್ರರಿ. 2017ರ 2.26ನೆಯ ಆವೃತ್ತಿಯಿಂದ ಅದರ ಓಪನ್ ಫಂಕ್ಷನ್ ಒಳಗೊಳಗೇ ಓಪನ್‌ಆ್ಯಟ್ ಅನ್ನು ಕರೆಯುತ್ತದೆ. ಇಡೀ ವ್ಯವಸ್ಥೆಯನ್ನು ಅಪ್‌ಡೇಟ್ ಮಾಡಿದಾಗ ಕರ್ನಲ್ ಜೊತೆಗೆ ಇದೂ ಬರುತ್ತದೆ, ಅಪವಾದ ಮಾತ್ರ ಕರ್ನಲ್ ತಲೆಗೆ.

ನಿಜವಾಗಿಯೂ ಹೊಸ ಕರೆ ಎದುರಾದರೆ ಹಳೆಯ ಎಸ್‌ಟ್ರೇಸ್ ಹೆಸರಿನ ಜಾಗದಲ್ಲಿ ‘ಸಿಸ್ಕಾಲ್’ ಎಂದು ಬರೆದು, ಬೆನ್ನಿಗೇ ಹದಿನಾರರ ಪದ್ಧತಿಯ ಸಂಖ್ಯೆಯೊಂದನ್ನು ಮುದ್ರಿಸುತ್ತದೆ. ಹೆಸರು, ಆರ್ಗ್ಯುಮೆಂಟ್‌ಗಳ ವಿವರ ಬೇಕಿದ್ದರೆ ಹೊಸ ಆವೃತ್ತಿ ಹಾಕಿಕೊಳ್ಳಿ.

ಕರ್ನಲ್ ಬದಲಾವಣೆಯಿಂದ ನಿಜಕ್ಕೂ ಪೆಟ್ಟು ತಿನ್ನುವುದು ಕೆಪ್ರೋಬ್ (ಕರ್ನಲ್ ಒಳಗಿನ ಫಂಕ್ಷನ್‌ಗಳನ್ನು ಹೆಸರು ಹಿಡಿದು ಗಮನಿಸುವ ಸೌಲಭ್ಯ) ನೆಚ್ಚಿದ ಸಾಧನಗಳು. 2018ರ 4.17ನೆಯ ಕರ್ನಲ್‌ನಲ್ಲಿ ಎಕ್ಸ್86-64ರ ಸಿಸ್ಟಮ್ ಕಾಲ್‌ಗಳನ್ನು ನಡೆಸುವ ಒಳಗಿನ ಫಂಕ್ಷನ್ ಹೆಸರುಗಳ ಮೊದಲಿಗೆ ಹೊಸ ತುಣುಕು ಸೇರಿತು. ಹಳೆಯ ಹೆಸರಿಗೆ ಗಾಳ ಹಾಕಿ ಕುಳಿತಿದ್ದವರಿಗೆ ಏನೂ ಸಿಗದಾಯಿತು. ಒಳಗಿನ ಹೆಸರು ಹಾಗೇ ಉಳಿಯುತ್ತದೆಂದು ಯಾರೂ ಭಾಷೆ ಕೊಟ್ಟಿರಲಿಲ್ಲ. ಸಿಸ್ಟಮ್ ಕಾಲ್ ಟ್ರೇಸ್‌ಪಾಯಿಂಟ್‌ಗಳನ್ನು (ಗಮನಿಸಲೆಂದೇ ಕರ್ನಲ್‌ನಲ್ಲಿ ಇಟ್ಟಿರುವ ಜಾಗಗಳು) ಬಳಸಿದ್ದರೆ ಈ ತಾಪತ್ರಯವೇ ಇರಲಿಲ್ಲ.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಎಲ್ಲ ಸರಿಯಿದ್ದೂ ಎಸ್‌ಟ್ರೇಸ್‌ಗೆ ಕಾಣದ ಕೆಲಸ ಇರಬಹುದೇ? ಧಾರಾಳವಾಗಿ. 2019ರ 5.1ನೆಯ ಕರ್ನಲ್‌ನಲ್ಲಿ ಬಂದ ಐಒ ಯೂರಿಂಗ್ ಎಂಬ ಓದು-ಬರಹದ ವ್ಯವಸ್ಥೆಯಲ್ಲಿ ಪ್ರೋಗ್ರಾಮ್ ತನ್ನ ಬೇಡಿಕೆಗಳನ್ನು ಕರ್ನಲ್ ಜೊತೆ ಹಂಚಿಕೊಂಡ ಮೆಮೊರಿಯ ಸಾಲಿನಲ್ಲಿ ಬರೆದಿಡುತ್ತದೆ. ಹತ್ತಾರು ಫೈಲ್‌ಗಳನ್ನು ಓದಿದರೂ ಎಸ್‌ಟ್ರೇಸ್‌ನಲ್ಲಿ ಒಂದೇ ಒಂದು ‘ಎಂಟರ್’ ಕರೆ ಕಾಣಬಹುದು. ಆ ಸಾಲನ್ನು ಕರ್ನಲ್ ಥ್ರೆಡ್ ತಾನೇ ಗಮನಿಸುತ್ತಿದ್ದರೆ ಅದೂ ಕಾಣದೆ ಹೋಗಬಹುದು. ಅಂಥಲ್ಲಿ ಎಸ್‌ಟ್ರೇಸನ್ನು ಎಷ್ಟು ಸಲ ಕಂಪೈಲ್ ಮಾಡಿದರೂ ಫಲವಿಲ್ಲ. ಪರ್ಫ್ ಎಂಬ ಇನ್ನೊಂದು ಸಾಧನ ಹಿಡಿದು ಐಒ ಯೂರಿಂಗ್‌ನ ಸ್ವಂತ ಟ್ರೇಸ್‌ಪಾಯಿಂಟ್‌ಗಳನ್ನು ನೋಡಬೇಕು.