ಶ್ರಿಂಪ್ ಟ್ಯಾಂಕಿಗೆ ಫ್ಯಾನ್ ಹಾಕಿದ್ದೇವೆ, ಇಳಿದ ನೀರಿಗೆ ಏನು ತುಂಬಬೇಕು?

ಪ್ರಶ್ನೆ: ನಮ್ಮದು ಕಲಬುರಗಿ. 40 ಲೀಟರಿನ ಚೆರ್ರಿ ಶ್ರಿಂಪ್ (ಅಲಂಕಾರಕ್ಕೆ ಸಾಕುವ ಪುಟ್ಟ ಕೆಂಪು ಸಿಗಡಿ) ಟ್ಯಾಂಕ್ ಬೇಸಿಗೆಯಲ್ಲಿ 32 ಡಿಗ್ರಿ ಮುಟ್ಟುತ್ತಿತ್ತು. ಫ್ಯಾನ್ ಇಟ್ಟ ಮೇಲೆ 28ಕ್ಕೆ ಇಳಿದಿದೆ, ಆದರೆ ದಿನಕ್ಕೆ ಅರ್ಧ ಲೀಟರ್ ನೀರು ಖಾಲಿ. ಬೋರ್‌ವೆಲ್ ನೀರು ತುಂಬಿಸುತ್ತಿದ್ದೇವೆ. ಈಗ ಪೊರೆ ಬಿಡುವ ಹೊತ್ತಿಗೆ ಒಂದೊಂದೇ ಸಾಯುತ್ತಿವೆ. ಫ್ಯಾನ್ ತೆಗೆಯಬೇಕೇ?

ಉತ್ತರ: ಬೇಡ, ಫ್ಯಾನ್ ಇರಲಿ. ಅನುಮಾನ ಇರುವುದು ಬೋರ್‌ವೆಲ್ ನೀರಿನ ಮೇಲೆ.

ನೀರು ಆವಿಯಾಗುವಾಗ ಶಾಖವನ್ನೂ ಹೊತ್ತೊಯ್ಯುತ್ತದೆ. ನಿಮ್ಮ ಟ್ಯಾಂಕಿನಲ್ಲಿ 70 ಮಿ.ಲೀ. ಆವಿಯಾದರೆ ಸುಮಾರು ಒಂದು ಡಿಗ್ರಿಯಷ್ಟು ಶಾಖ ಹೋಯಿತೆಂದು ಲೆಕ್ಕ. ಅಂದರೆ ಕಳೆದುಹೋಗುವ ನೀರೇ ತಂಪಿನ ಬೆಲೆ. ಕಲಬುರಗಿ, ರಾಯಚೂರಿನ ಒಣಹವೆಗೆ ಇದು ಹೇಳಿ ಮಾಡಿಸಿದ ಉಪಾಯ. ಮಂಗಳೂರಿನ ಸೆಕೆಯಲ್ಲಿ ಇಷ್ಟು ಫಲ ಸಿಗದು. ಫ್ಯಾನಿನ ಗಾಳಿ ಓರೆಯಾಗಿ ನೀರಿನ ಮೇಲ್ಮೈಯನ್ನು ಸವರಿಕೊಂಡು ಹೋಗಬೇಕು, ಗಾಜಿನ ಮುಚ್ಚಳ ತೆಗೆದು ಬಲೆ ಹಾಕಿರಬೇಕು.

ಆದರೆ ಆವಿಯಾಗಿ ಹೋಗುವುದು ಬರಿಯ ನೀರು. ಕುದಿದಷ್ಟೂ ಸಾರು ಉಪ್ಪಾಗುವ ಹಾಗೆ ಲವಣವೆಲ್ಲ ಒಳಗೇ ಉಳಿಯುತ್ತದೆ. ನಿಮ್ಮ ಬೋರ್‌ವೆಲ್ಲಿನ ಟಿಡಿಎಸ್ (ಲೀಟರಿನಲ್ಲಿ ಕರಗಿರುವ ಲವಣ, ಮಿ.ಗ್ರಾಂ ಲೆಕ್ಕದಲ್ಲಿ) 600 ಎಂದಿಟ್ಟುಕೊಳ್ಳಿ. ಅರ್ಧ ಲೀಟರಿನಲ್ಲಿ 300 ಮಿ.ಗ್ರಾಂ ಲವಣ, 40 ಲೀಟರಿಗೆ ಹಂಚಿದರೆ ದಿನಕ್ಕೆ 7.5 ಏರಿಕೆ. ತಿಂಗಳಿಗೆ 225! 200ರಲ್ಲಿದ್ದ ಟ್ಯಾಂಕ್ 425 ಮುಟ್ಟುತ್ತದೆ. ಚೆರ್ರಿ ಶ್ರಿಂಪ್‌ಗೆ 150ರಿಂದ 250 ಹಿತ, ತೀರಾ ಮೀರಿದರೆ ಪೊರೆ ಬಿಡುವುದು ಕಷ್ಟ. ಸತ್ತವುಗಳ ಬೆನ್ನು ನೋಡಿ: ತಲೆಯ ಚಿಪ್ಪು ಮುಗಿದು ಹೊಟ್ಟೆ ಶುರುವಾಗುವಲ್ಲಿ ಸುತ್ತಲೂ ಬಿಳಿ ಉಂಗುರ ಕಂಡರೆ ಪೊರೆ ಬಿಡಲಾಗದೆ ಸತ್ತಿವೆ ಎಂದರ್ಥ.

ದಿನದ ಭರ್ತಿಗೆ ಲವಣ ಬಹುಪಾಲು ಸೋಸಿ ತೆಗೆದ ಆರ್‌ಒ ನೀರು ಬಳಸಿ. 'ಕಾಪರ್' ಎಂದು ಮಾರುವ ಪ್ಯೂರಿಫೈಯರ್‌ನದು ಬೇಡ, ತಾಮ್ರದ ಬಿಂದಿಗೆಯಲ್ಲಿಟ್ಟದ್ದೂ ಬೇಡ. ತಾಮ್ರ ಶ್ರಿಂಪ್‌ಗೆ ವಿಷ. ಪುಕ್ಕಟೆ ಸಿಗುವ ಎಸಿ ನೀರಿನ ಆಸೆಯನ್ನೂ ಬಿಡಿ, ಅದು ಇಳಿದು ಬರುವ ಕಾಯಿಲ್ ಸಾಮಾನ್ಯವಾಗಿ ತಾಮ್ರದ್ದೇ. ಗಾಜಿನ ಮೇಲೆ ನೀರಿನ ಮಟ್ಟಕ್ಕೊಂದು ಗುರುತು ಹಾಕಿ. ಮೆಡಿಕಲ್ ಶಾಪಿನಲ್ಲಿ ಸಿಗುವ, ಗ್ಲೂಕೋಸ್ ಹಾಕುವ ಡ್ರಿಪ್ ಸೆಟ್ಟಿಗೆ 20 ಹನಿ ಒಂದು ಮಿ.ಲೀ. ನಿಮಿಷಕ್ಕೆ 40 ಹನಿಯಂತೆ ಬಿಟ್ಟರೆ ಅರ್ಧ ಲೀಟರಿಗೆ ನಾಲ್ಕು ಗಂಟೆ. ಬಾಟಲಿಗೆ ಅಳೆದಷ್ಟೇ ಹಾಕಿ, ಮರೆತು ಮಲಗಿದರೂ ಟ್ಯಾಂಕ್ ಉಕ್ಕುವುದಿಲ್ಲ.

ಏರಿರುವ ಟಿಡಿಎಸ್ ಇಳಿಸಲು ಒಮ್ಮೆಲೇ ಅರ್ಧ ನೀರು ಚೆಲ್ಲಬೇಡಿ, ಆ ಏರುಪೇರಿಗೇ ಇನ್ನಷ್ಟು ಪೊರೆ ಕೆಡುತ್ತವೆ. ಒಂದು ಪಾಲು ಬೋರ್‌ವೆಲ್ಲಿಗೆ ಎರಡು ಪಾಲು ಆರ್‌ಒ ಬೆರೆಸಿದರೆ 200ರ ಆಸುಪಾಸು ಬರುತ್ತದೆ. ಇದರಿಂದ ನಾಲ್ಕು ದಿನಕ್ಕೊಮ್ಮೆ 4 ಲೀಟರ್ ಬದಲಿಸಿ, ಅದನ್ನೂ ಹನಿಹನಿಯಾಗಿ.

ಐಸ್ ಹಾಕುವ ಯೋಚನೆಯಿದ್ದರೆ, ಹೆಪ್ಪುಗಟ್ಟಿಸಿದ ಅರ್ಧ ಲೀಟರ್ ಬಾಟಲಿ ಮುಳುಗಿಸಿದರೆ ಇಳಿಯುವುದು ಹೆಚ್ಚೆಂದರೆ ಒಂದೂವರೆ ಡಿಗ್ರಿ ಮಾತ್ರ, ಕರಗಿದ ಮೇಲೆ ಮತ್ತೆ ಏರುತ್ತದೆ. ಕರೆಂಟ್ ಹೋದಾಗಿನ ಆಪದ್ಧರ್ಮಕ್ಕಷ್ಟೇ ಇರಲಿ. ಆಗ ಹೆಚ್ಚು ಮುಖ್ಯವಾದದ್ದು ಏರ್ ಪಂಪ್, ಏಕೆಂದರೆ ನೀರು ಬಿಸಿಯಾದಷ್ಟೂ ಅದರಲ್ಲಿ ನಿಲ್ಲುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿ.ಗ್ರಾಂ ಇದ್ದದ್ದು 30ರಲ್ಲಿ ಏಳೂವರೆ. ಯುಎಸ್‌ಬಿ ಏರ್ ಪಂಪನ್ನು ಪವರ್ ಬ್ಯಾಂಕಿಗೆ ಸಿಕ್ಕಿಸಬಹುದು. ಕೆಲವು ಪವರ್ ಬ್ಯಾಂಕ್ ಇಷ್ಟು ಸಣ್ಣ ಕರೆಂಟಿಗೆ ತಾವೇ ಆಫ್ ಆಗುತ್ತವೆ, ಮೊದಲೇ ಒಂದು ಗಂಟೆ ಓಡಿಸಿ ನೋಡಿ.

ಮುಚ್ಚಳ ತೆಗೆದಿಟ್ಟ ಟ್ಯಾಂಕ್ ಇರುವ ಕೋಣೆಯಲ್ಲಿ ಸೊಳ್ಳೆಬತ್ತಿ, ಲಿಕ್ವಿಡ್ ಮೆಷಿನ್ ಹಚ್ಚಬೇಡಿ. ಅವುಗಳಲ್ಲಿರುವ ಕೀಟನಾಶಕಕ್ಕೆ ಸೊಳ್ಳೆಗಿಂತ ಮೊದಲು ಶ್ರಿಂಪ್ ಸತ್ತರೂ ಆಶ್ಚರ್ಯವಿಲ್ಲ, ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತಿರುತ್ತದೆ.